ಕಾಫಿ ಇದೆ, ಕುರ್ಚಿ ಇಲ್ಲ: ಬೆಂಗಳೂರಿನ ಬಡಾವಣೆ ಹೋಟೆಲ್‌ಗಳಲ್ಲಿ ಕೂರುವ ಜಾಗ ಎಲ್ಲಿ ಹೋಯಿತು?

ನಮ್ಮ ತಂದೆಯವರಿಗೆ ಎಪ್ಪತ್ತೆಂಟು ವರ್ಷ. ಎರಡೂ ಮೊಣಕಾಲು ಸವೆದಿವೆ. ಆದರೂ ಬೆಳಿಗ್ಗೆ ಏಳಕ್ಕೆ ಹೋಟೆಲ್ ಕಾಫಿ ಆಗಲೇಬೇಕು. ದಕ್ಷಿಣ ಬೆಂಗಳೂರಿನ ನಮ್ಮ ಬೀದಿಯ ತಿರುವಿನಲ್ಲಿ ಕಲ್ಲುಹಾಸಿನ ಮೇಜುಗಳಿದ್ದ ಹಳೆಯ ಹೋಟೆಲೊಂದಿತ್ತು. ಇವರು ಬಾಗಿಲು ದಾಟುವುದನ್ನು ಕಂಡೊಡನೆ ಸಪ್ಲೈಯರ್ ಒಳಗೆ ಕೂಗುತ್ತಿದ್ದರು: ‘ಒಂದು ಸ್ಟ್ರಾಂಗ್, ಸಕ್ಕರೆ ಕಡಿಮೆ!’ ಆ ಹೋಟೆಲ್ ಮುಚ್ಚಿ ಎರಡು ವರ್ಷವಾಯಿತು. ಅದೇ ಜಾಗದ ಅರ್ಧ ಭಾಗದಲ್ಲಿ ಈಗ ನಿಂತು ತಿನ್ನುವ ಹೋಟೆಲ್ ಬಂದಿದೆ. ಕಾಫಿ ಚೆನ್ನಾಗಿಯೇ ಇದೆ. ಆದರೆ ಅಲ್ಲಿನ ಉಕ್ಕಿನ ಕಟ್ಟೆ ಅಪ್ಪನ ಎದೆಯ ಮಟ್ಟಕ್ಕೆ ಬರುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳದೆ ಅವರಿಗೆ ನಿಲ್ಲಲಾಗದು. ಲೋಟದ ಕಾಫಿಯನ್ನು ಡಬರಕ್ಕೆ ಸುರಿದು, ಮತ್ತೆ ಲೋಟಕ್ಕೆ ಎತ್ತಿ ಆರಿಸಬೇಕಾದರೆ ಎರಡು ಕೈ ಬೇಕು. ಹಾಗಾಗಿ ಅವರು ಕಾಫಿ ತಾನಾಗಿ ಆರುವವರೆಗೂ ಸುಮ್ಮನೆ ನಿಂತಿರುತ್ತಾರೆ. ಹಿಂದೆ ತಟ್ಟೆ ಹಿಡಿದವರು ಜಾಗಕ್ಕಾಗಿ ಕಾಯುತ್ತಿರುತ್ತಾರೆ. ಮೂರು ದಿನ ನೋಡಿ ಅಪ್ಪ ಹೋಗುವುದನ್ನೇ ಬಿಟ್ಟರು.

ಆಗಿನಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ತಿನ್ನುವ ಜಾಗಗಳಿಗೆ ಬರವಿಲ್ಲ, ಹೆಜ್ಜೆಗೊಂದು ಇವೆ. ಹೀಗಿದ್ದೂ ಒಂದು ಲೋಟ ಕಾಫಿಯ ಬೆಲೆಗೆ ಅರ್ಧ ಗಂಟೆ ಕೂರಬಹುದಾದ ಜಾಗ ಏಕೆ ಇಷ್ಟು ವಿರಳವಾಯಿತು? ಉದ್ದಿನ ಬೆಲೆ, ಹಾಲಿನ ಬೆಲೆ, ಗ್ಯಾಸ್ ಸಿಲಿಂಡರಿನ ಬೆಲೆ ಎಂದು ದಿನವೂ ಚರ್ಚಿಸುತ್ತೇವೆ. ನಾನು ಕಂಡಂತೆ ಬಡಾವಣೆ ಹೋಟೆಲಿನಲ್ಲಿ ಅತ್ಯಂತ ದುಬಾರಿಯಾದ ವಸ್ತು ಅಡುಗೆಮನೆಯಲ್ಲಿಲ್ಲ. ಅದು ಕುರ್ಚಿ. ಕಳೆದ ನಲವತ್ತು ವರ್ಷಗಳಲ್ಲಿ ಈ ನಗರದ ಹೋಟೆಲ್ ಉದ್ಯಮ ಪಟ್ಟ ಪಾಡೆಲ್ಲವೂ ಆ ಕುರ್ಚಿಯ ಖರ್ಚನ್ನು ಯಾರ ತಲೆಗೆ ಹೊರಿಸಬೇಕು ಎಂಬುದರ ಸುತ್ತಲೇ ಇದೆ.

ಮೊದಲು ಲೆಕ್ಕ ನೋಡೋಣ. ಇದು ಯಾವುದೇ ನಿರ್ದಿಷ್ಟ ಹೋಟೆಲಿನದಲ್ಲ, ಅರ್ಥವಾಗಲೆಂದು ಇಟ್ಟುಕೊಂಡ ಅಂಕಿ. ಆರುನೂರು ಚದರ ಅಡಿ ಜಾಗ, ಮೂವತ್ತು ಕುರ್ಚಿ, ತಿಂಗಳ ಬಾಡಿಗೆ 1,20,000 ರೂಪಾಯಿ. ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 1,41,600. ದಿನಕ್ಕೆ 4,720 ರೂಪಾಯಿ, ಅಂದರೆ ಕುರ್ಚಿಯೊಂದಕ್ಕೆ ದಿನಕ್ಕೆ ಸುಮಾರು 157 ರೂಪಾಯಿ. ಹೋಟೆಲ್ ಹದಿನಾಲ್ಕು ಗಂಟೆ ತೆರೆದಿದ್ದರೂ ನಿಜವಾಗಿ ಜನ ತುಂಬುವುದು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ. ಆ ಆರು ಗಂಟೆಗಳಲ್ಲೇ ಬಾಡಿಗೆ ಹುಟ್ಟಬೇಕೆಂದರೆ ಪ್ರತಿ ಕುರ್ಚಿಯೂ ಗಂಟೆಗೆ 26 ರೂಪಾಯಿ ದುಡಿಯಬೇಕು. ಇದು ಬರೀ ಬಾಡಿಗೆಯ ಬಾಬ್ತು. ಭಟ್ಟರು, ಸಪ್ಲೈಯರ್, ಕ್ಲೀನರ್, ವಿದ್ಯುತ್, ನೀರು ಯಾವುದೂ ಇದರಲ್ಲಿ ಸೇರಿಲ್ಲ. ಇಪ್ಪತ್ತು ರೂಪಾಯಿಯ ಕಾಫಿಯಲ್ಲಿ ಮಾಲೀಕನಿಗೆ ನಾಲ್ಕೈದು ರೂಪಾಯಿ ಉಳಿದರೆ ಹೆಚ್ಚು. ಇಬ್ಬರು ಗೆಳೆಯರು ಒಂದು ಬೈ ಟು ಕಾಫಿ ಹೇಳಿ ಎರಡು ಕುರ್ಚಿಗಳನ್ನು ಒಂದು ಗಂಟೆ ಹಿಡಿದು ಕೂತರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟೆಯ ಮುಂದೆ ನಿಂತವರಾದರೆ ಏಳೆಂಟು ನಿಮಿಷದಲ್ಲಿ ತಿಂದು ಹೊರಡುತ್ತಾರೆ. ಒಬ್ಬರು ಕೂರುವಷ್ಟೇ ಜಾಗದಲ್ಲಿ ಗಂಟೆಗೆ ಏಳೆಂಟು ಗಿರಾಕಿಗಳು ಬಂದುಹೋಗುತ್ತಾರೆ.

ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಅರಿತು ಅದಕ್ಕೊಂದು ರೂಪ ಕೊಟ್ಟದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ‘ಕೆಫೆ ದರ್ಶಿನಿ’ ತೆರೆದರು. ಮುಂಗಡ ಹಣ ಕೊಟ್ಟು ಟೋಕನ್ ಪಡೆಯುವುದು, ತಟ್ಟೆಯನ್ನು ತಾನೇ ಒಯ್ಯುವುದು, ಕಣ್ಣಿಗೆ ಕಾಣುವ ಅಡುಗೆಮನೆ, ಉಕ್ಕಿನ ಕಟ್ಟೆ, ನಿಂತು ತಿನ್ನುವುದು ಅದರ ಕ್ರಮ. ಕುರ್ಚಿ ಹೋಯಿತು, ಅದರ ಜೊತೆಗೆ ಸಪ್ಲೈಯರ್ ಕೂಡ ಹೋದರು. ಉಳಿದ ಹಣ ಇಡ್ಲಿಯ ಬೆಲೆಯನ್ನು ಹಿಡಿದಿಟ್ಟಿತು. ಒಂದೆರಡು ದಶಕಗಳಲ್ಲಿ ಈ ಮಾದರಿ ನಗರದ ಮೂಲೆ ಮೂಲೆಗೂ ಹಬ್ಬಿ, ‘ದರ್ಶಿನಿ’ ಎಂಬ ಅಂಕಿತನಾಮವೇ ಅಂಥ ಹೋಟೆಲ್‌ಗಳಿಗೆಲ್ಲ ಸಾಮಾನ್ಯ ಹೆಸರಾಯಿತು.

ದರ್ಶಿನಿಯನ್ನು ನಾನು ದೂರುತ್ತಿಲ್ಲ. ಕುರ್ಚಿಯನ್ನು ತೆಗೆದುಹಾಕಿದ್ದರಿಂದ ಆದ ಒಳಿತು ದೊಡ್ಡದು, ಅದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ನಮ್ಮ ಹಳೆಯ ಹೋಟೆಲ್‌ಗಳಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಬಹುಕಾಲ ಜಾತಿ ತೀರ್ಮಾನಿಸುತ್ತಿತ್ತು. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಬೆಂಚು, ದಲಿತರಿಗೆ ಹೊರಗಿನ ಲೋಟ. ಸಂವಿಧಾನ ರಚಿಸಿದವರು 15ನೇ ವಿಧಿಯ ಎರಡನೆಯ ಉಪವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲ್‌ಗಳ ಹೆಸರೆತ್ತಿ, ಅಲ್ಲಿ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದು ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ದರ್ಶಿನಿಯ ಕಟ್ಟೆಯ ಮುಂದೆ ಆಟೋ ಚಾಲಕ, ಬ್ಯಾಂಕ್ ಮ್ಯಾನೇಜರ್, ಪೌರಕಾರ್ಮಿಕರು, ಕಾಲೇಜು ಹುಡುಗಿ ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ನಿಂತು ಒಂದೇ ಬಕೆಟಿನ ಸಾಂಬಾರು ಹಾಕಿಸಿಕೊಳ್ಳುತ್ತಾರೆ. ಒಬ್ಬಳೇ ಹೆಣ್ಣುಮಗಳು ‘ಫ್ಯಾಮಿಲಿ ರೂಂ’ ಹುಡುಕದೆ, ಯಾರ ನೋಟಕ್ಕೂ ಅಳುಕದೆ ತಿಂದು ಹೊರಡುವುದನ್ನು ಈ ನಗರಕ್ಕೆ ಸಹಜವಾಗಿಸಿದ್ದರಲ್ಲಿ ದರ್ಶಿನಿಯ ಪಾಲು ದೊಡ್ಡದು. ಕುರ್ಚಿ ಇಲ್ಲದಿದ್ದರೆ ರುಚಿ ಇಲ್ಲ ಎಂಬ ಮಾತೂ ನಿಜವಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ, ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿ ಜನ ಬೀದಿಯಲ್ಲಿ ನಿಂತೇ ಇಡ್ಲಿ ಚಟ್ನಿ ತಿನ್ನುತ್ತಾರೆ.

ಆದರೆ ದರ್ಶಿನಿ ಬಂದಾಗ ಕೂರುವ ಹೋಟೆಲ್ ಸಹ ಪಕ್ಕದಲ್ಲೇ ಇತ್ತು. ಅವಸರ ಇದ್ದವರು ಇಲ್ಲಿ, ಬಿಡುವು ಇದ್ದವರು ಅಲ್ಲಿ. ಆ ಆಯ್ಕೆ ಕರಗಲು ಕಾರಣ ಬಾಡಿಗೆ, ಅದರ ಹಿಂದೆ ಕಾನೂನಿನ ಒಂದು ಬದಲಾವಣೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಷ್ಟು ಕಾಲ ಹಳೆಯ ಹೋಟೆಲಿನವರನ್ನು ಸುಲಭವಾಗಿ ಎಬ್ಬಿಸಲು ಆಗುತ್ತಿರಲಿಲ್ಲ. ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗೆ ಸಿಗುವುದಿಲ್ಲ. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಒಂದು ಬೀಡಾ ಅಂಗಡಿಗಿಂತ ಸ್ವಲ್ಪ ದೊಡ್ಡದು. ನಾಲ್ಕು ಮೇಜು ಹಾಕುವಷ್ಟು ಜಾಗವಿದ್ದ ಯಾವ ಹೋಟೆಲೂ ಅದರೊಳಗೆ ಬರುವುದಿಲ್ಲ. ಹಳೆಯ ಕಾಯ್ದೆಯಿಂದ ಕಟ್ಟಡದ ಮಾಲೀಕರಿಗೂ ಅನ್ಯಾಯವಾಗಿತ್ತು, ಒಪ್ಪುತ್ತೇನೆ. ನೂರು ರೂಪಾಯಿ ಬಾಡಿಗೆಯಲ್ಲಿ ದಶಕಗಟ್ಟಲೆ ಜಾಗ ಹಿಡಿದು ಕೂತವರಿದ್ದರು. ಆದರೆ ಹೊಸ ವ್ಯವಸ್ಥೆಯಲ್ಲಿ ಹೋಟೆಲಿನವರು ಹತ್ತು ತಿಂಗಳ ಮುಂಗಡ ಕೊಟ್ಟು, ಕೆಲವೇ ವರ್ಷಗಳ ಕರಾರಿಗೆ ಸಹಿ ಹಾಕಿ, ಕರಾರು ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಬಟ್ಟೆಯ ಬ್ರ್ಯಾಂಡ್ ಎಷ್ಟು ಕೊಡುತ್ತಿದೆಯೋ ಅಷ್ಟನ್ನು ತಾವೂ ಕೊಡಬೇಕು. ಒಂದು ಅಂಗಿಯ ಲಾಭ ಎಲ್ಲಿ, ಒಂದು ಮಸಾಲೆ ದೋಸೆಯ ಲಾಭ ಎಲ್ಲಿ! ಹಳೆಯ ಕಾಲದಿಂದ ಇಂದಿಗೂ ಕುರ್ಚಿ ಹಾಕಿ ಬಡಿಸುತ್ತಿರುವ ಹೋಟೆಲ್‌ಗಳಲ್ಲಿ ವಿಚಾರಿಸಿ ನೋಡಿ, ಬಹಳ ಕಡೆ ಕಟ್ಟಡ ಸ್ವಂತದ್ದಾಗಿರುತ್ತದೆ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಅದನ್ನು ನಡೆಸುವುದು 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಾಫಿ ಕಾರ್ಮಿಕರ ಸಹಕಾರ ಸಂಘ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಅವನ್ನು ಕೈಗೆತ್ತಿಕೊಂಡರು. ಲಾಭ ಹಂಚಿಕೊಳ್ಳುವವರೂ ಬಡಿಸುವವರೂ ಒಬ್ಬರೇ ಆಗಿರುವ ಸಂಸ್ಥೆಯೂ ಬಾಡಿಗೆಯ ಜಾಗವನ್ನು ಉಳಿಸಿಕೊಳ್ಳಲಾರದೆ ಬೇರೆಡೆಗೆ ಹೋಗಬೇಕಾಯಿತು.

ಇನ್ನು ತೆರಿಗೆ. ಬಿಲ್ಲಿನ ಕೆಳಗೆ ಶೇ 5 ಎಂದು ನೋಡಿ ಗಿರಾಕಿಗೆ ಇದು ಸಣ್ಣ ಸಂಗತಿ ಎನಿಸುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಹವಾನಿಯಂತ್ರಣ ಇಲ್ಲದ ಹೋಟೆಲಿಗೆ ಶೇ 12, ಇದ್ದದ್ದಕ್ಕೆ ಶೇ 18 ಇತ್ತು. ಆದರೆ ತಾನು ಕೊಂಡ ವಸ್ತು ಮತ್ತು ಸೇವೆಗಳಿಗೆ ಕಟ್ಟಿದ ತೆರಿಗೆಯನ್ನು ಹೋಟೆಲ್ ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಿತ್ತು. ಆ ಲಾಭವನ್ನು ಹೋಟೆಲ್‌ಗಳು ಗಿರಾಕಿಗೆ ದಾಟಿಸುತ್ತಿಲ್ಲ ಎಂದು ಜಿಎಸ್‌ಟಿ ಮಂಡಳಿ ಅದೇ ನವೆಂಬರ್ 15ರಿಂದ ದರವನ್ನು ಶೇ 5ಕ್ಕೆ ಇಳಿಸಿ, ಹಾಗೆ ಹೊಂದಿಸಿಕೊಳ್ಳುವ ಹಕ್ಕನ್ನು ತೆಗೆದುಹಾಕಿತು. ಗಿರಾಕಿಗೆ ಒಳ್ಳೆಯದಾಯಿತು. ಆದರೆ ಬಾಡಿಗೆಯ ಮೇಲಿನ ಶೇ 18 ಅಂದಿನಿಂದ ಹೋಟೆಲಿನ ನೇರ ಖರ್ಚಾಗಿಬಿಟ್ಟಿತು. ಬಟ್ಟೆ ಅಂಗಡಿಯವನು ತನ್ನ ಬಾಡಿಗೆಯ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ, ಇಡ್ಲಿ ಮಾರುವವನಿಗೆ ಆ ದಾರಿ ಇಲ್ಲ. ಕಟ್ಟಡದ ಮಾಲೀಕ ಜಿಎಸ್‌ಟಿಗೆ ನೋಂದಾಯಿಸಿಕೊಂಡಿರದಿದ್ದರೆ ಮೊದಲು ಈ ಹೊರೆ ತಪ್ಪುತ್ತಿತ್ತು. 2024ರ ಅಕ್ಟೋಬರ್ 10ರಿಂದ ನೋಂದಾಯಿತ ಬಾಡಿಗೆದಾರನೇ ಅದನ್ನು ಕಟ್ಟಬೇಕು ಎಂಬ ನಿಯಮ ಬಂತು. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವ ಸಣ್ಣವರನ್ನು ಆಮೇಲೆ ಇದರಿಂದ ಬಿಟ್ಟರು. ಅಂತೂ ಜಾಗ ಹೆಚ್ಚು ಹಿಡಿದಷ್ಟೂ ತೆರಿಗೆ ಹೆಚ್ಚು, ಅದು ಮರಳಿ ಬರುವುದೂ ಇಲ್ಲ. ಕುರ್ಚಿ ಹಾಕಿದ್ದಕ್ಕೆ ದಂಡ ಹಾಕಿದಂತೆಯೇ ಇದು ಕೆಲಸ ಮಾಡುತ್ತಿದೆ. ಹಾಗೆ ಮಾಡಬೇಕೆಂದು ಯಾರೂ ಹೊರಟಿರಲಿಕ್ಕಿಲ್ಲ, ಆದರೆ ಆಗಿರುವುದು ಅದೇ.

ಬಡಾವಣೆಯ ತಿಂಡಿ ಲೋಕದಲ್ಲಿ ಹೋಟೆಲ್ ಒಂದೇ ಇಲ್ಲ. ನಮ್ಮ ಬೀದಿಗಳ ನಿಜವಾದ ಜೀವನಾಡಿ ಅಯ್ಯಂಗಾರ್ ಬೇಕರಿ ಮತ್ತು ಕಾಂಡಿಮೆಂಟ್ಸ್. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಈ ಕಸುಬು ಇಂದು ಖಾರಾ ಬನ್, ಪಲ್ಯದ ಬನ್, ದಿಲ್‌ಪಸಂದ್, ಹನಿ ಕೇಕ್ ಹೆಸರಿನಲ್ಲಿ ರಾಜ್ಯದ ಊರೂರಿಗೂ ಹೋಗಿದೆ. ಅಲ್ಲಿ ಮೊದಲಿನಿಂದಲೂ ಕುರ್ಚಿ ಇಲ್ಲ. ಗಿರಾಕಿಯ ಕುರ್ಚಿ ಎಂದರೆ ಮುಂದಿನ ಮೋರಿ ಕಟ್ಟೆ, ನಿಲ್ಲಿಸಿದ ಸ್ಕೂಟರಿನ ಸೀಟು. ಅಂಗಡಿ ತನ್ನ ಕುರ್ಚಿಯನ್ನು ಬೀದಿಯಿಂದ ಕಡ ತಂದಿದೆ. ಇಂಥ ಅಂಗಡಿಗಳನ್ನೇ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ನಡುಗಿಸಿದವು. ಯುಪಿಐ ಮೂಲಕ ಬಂದ ಹಣವನ್ನು ಲೆಕ್ಕ ಹಾಕಿ, ನೋಂದಣಿಯ ಮಿತಿ ದಾಟಿದ್ದೀರಿ ಎಂದು ಇಲಾಖೆ ಹಿಂದಿನ ವರ್ಷಗಳ ತೆರಿಗೆಯನ್ನು ಕೇಳಿತು. ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್ ಮುಂದೆ ಕ್ಯೂಆರ್ ಫಲಕಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸುವ ಮಾತು ಎದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು.

ಆ ಮಿತಿ ಎಷ್ಟು ಎಂಬುದನ್ನು ದಿನದ ಲೆಕ್ಕಕ್ಕೆ ಇಳಿಸಿದರೆ ಅಂಗಡಿಯವರ ಭಯ ಅರ್ಥವಾಗುತ್ತದೆ. ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ. ತಿಂಡಿ ಮಾಡಿ ಬಡಿಸುವುದು ಸೇವೆಯ ಲೆಕ್ಕ. ಇಪ್ಪತ್ತು ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 5,480 ರೂಪಾಯಿ. ಚಹಾ, ಬಜ್ಜಿ, ಚಿತ್ರಾನ್ನ ಮಾರುವ ಒಂದು ಗಂಡಹೆಂಡಿರ ಅಂಗಡಿಯ ಮಾರಾಟ ಅಷ್ಟು ಆಗುತ್ತದೆ, ಉಳಿತಾಯ ಅಲ್ಲ. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ನಾಲ್ಕು ವರ್ಷ ಸುಮ್ಮನಿದ್ದು, ಲಾಭ ಎಷ್ಟೆಂದು ಕೇಳದೆ ಒಟ್ಟು ವಹಿವಾಟಿನ ಮೇಲೆ ಲಕ್ಷಗಳ ನೋಟಿಸ್ ಕಳಿಸುವುದು ಸಣ್ಣ ಅಂಗಡಿಗೆ ಬಾಗಿಲು ಹಾಕು ಎಂದು ಹೇಳಿದಂತೆಯೇ ಆಯಿತು.

ಕುರ್ಚಿಯ ಬೆಲೆಯನ್ನು ಮುಚ್ಚುಮರೆ ಇಲ್ಲದೆ ಕಾಣಬೇಕೆಂದರೆ ಮದ್ಯದ ಅಂಗಡಿಗೆ ಹೋಗಬೇಕು. ಕರ್ನಾಟಕದಲ್ಲಿ ಸಿಎಲ್-2 ಪರವಾನಗಿ ಇರುವ ಅಂಗಡಿಯಲ್ಲಿ ಬಾಟಲಿ ಕೊಂಡು ಒಯ್ಯಬೇಕು, ಅಲ್ಲಿ ಕುಡಿಯುವಂತಿಲ್ಲ. ಜನ ಅದನ್ನು ಎಂಆರ್‌ಪಿ ಅಂಗಡಿ ಎಂದೇ ಕರೆಯುತ್ತಾರೆ. ಸಿಎಲ್-9 ಇರುವ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಕೂತು ಕುಡಿಯಬಹುದು, ಬೆಲೆ ಮುದ್ರಿತ ದರಕ್ಕಿಂತ ಮೇಲೆ. ಎರಡು ಕಡೆಯೂ ಅದೇ ಕಾರ್ಖಾನೆಯ ಅದೇ ಬಿಯರ್. ನಡುವಿನ ವ್ಯತ್ಯಾಸವೇ ಮೇಜು, ಕುರ್ಚಿ, ಫ್ಯಾನು ಮತ್ತು ಶೇಂಗಾ ತಂದಿಡುವ ಹುಡುಗನ ಸಂಬಳ. ಇದರ ಮೇಲೆ ಪರವಾನಗಿಯ ಭಾರ ಬೇರೆ. 1992ರಿಂದ ರಾಜ್ಯ ಹೊಸ ಸಿಎಲ್-2, ಸಿಎಲ್-9 ಪರವಾನಗಿ ಕೊಡುವುದನ್ನು ನಿಲ್ಲಿಸಿದ್ದರಿಂದ ಇದ್ದ ಪರವಾನಗಿಗಳೇ ಕೈಯಿಂದ ಕೈಗೆ ಭಾರಿ ಬೆಲೆಗೆ ದಾಟುತ್ತ ಬಂದವು. ಕೊನೆಗೆ 2025–26ರ ಬಜೆಟ್‌ನಲ್ಲಿ ಬಳಕೆಯಲ್ಲಿರದೆ ಉಳಿದ ಪರವಾನಗಿಗಳನ್ನು ಹರಾಜು ಹಾಕುವುದಾಗಿ ಸರ್ಕಾರ ಹೇಳಿತು. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈ ಬಜೆಟ್‌ನಲ್ಲಿ ಶೇ 175ರಿಂದ 185ಕ್ಕೆ ಏರಿತು, ಆಮೇಲೆ ಮತ್ತೂ ಏರಿದೆ. ಹೀಗೆ ಕೂತು ಕುಡಿಯುವುದು ದುಬಾರಿಯಾದಷ್ಟೂ ಎಂಆರ್‌ಪಿ ಅಂಗಡಿಯ ಪಕ್ಕದ ಕತ್ತಲ ಓಣಿಯಲ್ಲಿ ನಿಂತು ಬಾಟಲಿ ಮುಗಿಸುವವರು ಹೆಚ್ಚುತ್ತಾರೆ. ಆ ಓಣಿಯಲ್ಲಿ ರಾತ್ರಿ ಎಂಟರ ಮೇಲೆ ಹೆಣ್ಣುಮಕ್ಕಳು ಓಡಾಡುವುದಿಲ್ಲ. ಕುರ್ಚಿ ಇಲ್ಲದ ಕುಡಿತದ ಬೆಲೆಯನ್ನು ಇಡೀ ಬೀದಿ ತೆರುತ್ತದೆ.

ಎಂಬತ್ತರ ದಶಕದ ಕೊನೆಗೆ ಬೆಂಗಳೂರು ‘ಪಬ್ ನಗರಿ’ ಎನಿಸಿಕೊಂಡಾಗ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಸುತ್ತಲಿನ ಪಬ್‌ಗಳಲ್ಲಿ ವಿದ್ಯಾರ್ಥಿಗಳೂ ಗುಮಾಸ್ತರೂ ಒಂದು ಮಗ್ ಹಿಡಿದು ಸಂಜೆ ಕಳೆಯಬಹುದಿತ್ತು. ಈಗ ಇಂದಿರಾನಗರ, ಕೋರಮಂಗಲದಲ್ಲಿ ತಾವೇ ಬಿಯರ್ ತಯಾರಿಸಿ ಬಡಿಸುವ ದೊಡ್ಡ ಮೈಕ್ರೋಬ್ರೂವರಿಗಳಲ್ಲಿ ಇಬ್ಬರು ಕೂತು ಎದ್ದರೆ ಬಿಲ್ಲು ಸಾವಿರಗಳಲ್ಲಿ. ಆದರೂ ಅವು ತುಂಬಿರುವುದೇಕೆ? ಮೂವರು ಹಂಚಿಕೊಂಡ ಪಿ.ಜಿ. ಕೋಣೆಯಲ್ಲಿ ಮಂಚ ಬಿಟ್ಟರೆ ಕೂರಲು ಜಾಗವಿಲ್ಲದ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಗೆಳೆಯರೊಂದಿಗೆ ಮೂರು ಗಂಟೆ ಕೂರಲು ನಗರ ಉಳಿಸಿರುವ ಜಾಗಗಳು ಕಡಿಮೆ. ಅವರು ಬಿಯರಿಗೆಂದು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಜಾಗಕ್ಕೆ ಹೋಗುತ್ತದೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಇಂಟರ್‌ನೆಟ್ ಕೆಫೆಯಾಗಿ ಶುರುವಾದ ಕೆಫೆ ಕಾಫಿ ಡೇ ಇದನ್ನು ಬೇಗ ಗ್ರಹಿಸಿತ್ತು. ಅದು ಮಾರಿದ್ದು ಕಾಫಿಯ ನೆಪದಲ್ಲಿ ಕೂರುವ ಸ್ವಾತಂತ್ರ್ಯವನ್ನು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ಕಟ್ಟಿದ ಆ ಸಂಸ್ಥೆಯ ಮಳಿಗೆಗಳು 2019ರ ನಂತರ ಬಹಳಷ್ಟು ಮುಚ್ಚಿದವು. ಅವು ಬಿಟ್ಟುಹೋದ ಜಾಗದಲ್ಲಿ ಬಂದಿರುವ ಹೊಸ ಕೆಫೆಗಳಲ್ಲಿ ಒಂದು ಲೋಟ ಕಾಫಿಗೆ ಇನ್ನೂರು, ಮುನ್ನೂರು ರೂಪಾಯಿ.

ಕುರ್ಚಿ ತೆಗೆದ ದರ್ಶಿನಿಯ ಮುಂದಿನ ಹಂತದಲ್ಲಿ ಗಿರಾಕಿಯೂ ಇಲ್ಲ. 2014ರಲ್ಲಿ ಇದೇ ಬೆಂಗಳೂರಿನ ಕೋರಮಂಗಲದಲ್ಲಿ ಹುಟ್ಟಿದ ಸ್ವಿಗ್ಗಿ, ಅದರ ಎದುರಾಳಿ ಜೊಮ್ಯಾಟೊ ಸೇರಿ ಹೋಟೆಲ್ ಎಂದರೆ ಅಡುಗೆಮನೆ ಮಾತ್ರ ಎಂಬ ಸ್ಥಿತಿಗೆ ತಂದಿವೆ. ಹೋಟೆಲಿನವರು ಪ್ರತಿ ಆರ್ಡರಿನ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಮಿಷನ್ ಕೊಡುತ್ತಾರೆ. ಆ ಕಮಿಷನ್ ಮೇಲೂ ಶೇ 18 ಜಿಎಸ್‌ಟಿ ಇದೆ. 2023ರ ಏಪ್ರಿಲ್‌ನಲ್ಲಿ ಎರಡು ರೂಪಾಯಿಯಿಂದ ಶುರುವಾದ ‘ಪ್ಲಾಟ್‌ಫಾರಂ ಶುಲ್ಕ’ವನ್ನು ಗಿರಾಕಿ ಬೇರೆ ಕೊಡುತ್ತಾನೆ, ಅದೂ ಏರುತ್ತಲೇ ಇದೆ. ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘಟನೆ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಈ ಎರಡೂ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತು. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ, ರಾತ್ರಿ ಪಾಳಿಯವರಿಗೆ ಈ ಸೌಲಭ್ಯ ದೊಡ್ಡ ಉಪಕಾರ ಎಂಬುದು ನಿಜ. ಆದರೆ ಹೋಟೆಲಿನ ಒಳಗೆ ಅದು ಏನು ಮಾಡುತ್ತದೆ ಎಂಬುದನ್ನು ಸಂಜೆ ಏಳರ ಹೊತ್ತಿಗೆ ನಿಂತು ನೋಡಬೇಕು. ಪಾರ್ಸೆಲ್ ಕಿಟಕಿಯ ಮೇಲೆ ಮೊಬೈಲ್ ಎಡೆಬಿಡದೆ ಕೂಗುತ್ತದೆ. ದೋಸೆ ಭಟ್ಟರು ಕಲ್ಲಿನ ಮೇಲೆ ಹುಯ್ದ ಆರರಲ್ಲಿ ನಾಲ್ಕು ದೋಸೆ ಡಬ್ಬಿಗೆ ಹೋಗುತ್ತವೆ. ಎದುರಿಗೆ ಟೋಕನ್ ಹಿಡಿದು ನಿಂತವರು ಕಾಯುತ್ತಾರೆ. ಗರಿಗರಿಯಾಗಿದ್ದ ಮಸಾಲೆ ದೋಸೆ ಇಪ್ಪತ್ತು ನಿಮಿಷ ಹಬೆಯಲ್ಲಿ ಬೆವರಿ, ಒದ್ದೆ ಬಟ್ಟೆಯಂತಾಗಿ ಯಾರದೋ ಮನೆ ಸೇರುತ್ತದೆ.

ಹೊರಗೆ ಕೆಂಪು, ಕಿತ್ತಳೆ ಅಂಗಿಯ ಹುಡುಗರು ಫುಟ್‌ಪಾತಿನ ಅಂಚಿನಲ್ಲಿ ಬೈಕ್ ಮೇಲೆ ಕಾಯುತ್ತಿರುತ್ತಾರೆ. ದಿನವಿಡೀ ಹತ್ತಾರು ಹೋಟೆಲ್‌ಗಳ ಬಾಗಿಲಿಗೆ ಹೋಗುವ ಅವರಿಗೆ ಯಾವ ಹೋಟೆಲಿನಲ್ಲೂ ಕುರ್ಚಿ ಇಲ್ಲ. ಎಷ್ಟೋ ಕಡೆ ಶೌಚಾಲಯವನ್ನೂ ಬಳಸಲು ಬಿಡುವುದಿಲ್ಲ. ಆ್ಯಪ್‌ಗಳ ಮೂಲಕ ದುಡಿಯುವ ಇಂಥ ‘ಗಿಗ್’ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಅವರ ಕಲ್ಯಾಣಕ್ಕೆ ಪಾಲು ಕೊಡಬೇಕು ಎನ್ನುವುದು ಅದರ ತಿರುಳು. ಇದು ಒಳ್ಳೆಯ ಹೆಜ್ಜೆ. ಆ ಹಣದಲ್ಲಿ ಮೊದಲು ಪ್ರತಿ ಬಡಾವಣೆಯಲ್ಲೂ ನೆರಳು, ನೀರು, ಶೌಚಾಲಯ, ಒಂದು ಬೆಂಚು ಬರಲಿ ಎಂಬುದು ನನ್ನ ಆಸೆ. ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿನಲ್ಲೇ ಬರೆದವು. ನಿಂತೇ ದುಡಿಯುವವರ ಬಗ್ಗೆ ಶಾಸನ ಯೋಚಿಸಬಹುದು ಎಂಬುದಕ್ಕೆ ನೆರೆಯ ರಾಜ್ಯಗಳೇ ಸಾಕ್ಷಿ.

ಹೋಟೆಲ್ ಒಳಗಿನ ಕೆಲಸಗಾರರೂ ಬದಲಾಗಿದ್ದಾರೆ. ಒಂದು ಕಾಲಕ್ಕೆ ಉಡುಪಿ, ಕುಂದಾಪುರದ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ, ಸಪ್ಲೈಯರ್ ಆಗಿ, ಗಲ್ಲಾಪೆಟ್ಟಿಗೆಯಲ್ಲಿ ಕೂತು, ಕೊನೆಗೆ ಸ್ವಂತ ಹೋಟೆಲ್ ಹಾಕುತ್ತಿದ್ದರು. ಅವರ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋದರು, ಅದು ಆ ತಂದೆತಾಯಿಯರು ಬಯಸಿದ್ದೇ. ಈಗ ಬಂದಿರುವವರು ಅಸ್ಸಾಂ, ಒಡಿಶಾ, ಬಂಗಾಳ, ನೇಪಾಳದ ಹುಡುಗರು. ನಮ್ಮ ಬೀದಿಯ ಹೋಟೆಲಿನಲ್ಲಿ ಅಸ್ಸಾಮಿನಿಂದ ಬಂದ ಹುಡುಗ ಆರು ತಿಂಗಳಲ್ಲಿ ‘ಚಟ್ನಿ ಬೇಕಾ ಅಜ್ಜ?’ ಎನ್ನಲು ಕಲಿತಿದ್ದಾನೆ. ಕೂರಿಸಿ ಬಡಿಸುವ ಹೋಟೆಲಿಗೆ ಇಂಥವರು ಐದಾರು ಮಂದಿ ಹೆಚ್ಚು ಬೇಕು, ಅವರಿಗೆ ಉಳಿಯಲು ಕೋಣೆ ಬೇಕು, ಆ ಕೋಣೆಗೂ ಬಾಡಿಗೆ.

ಹಾಗಾದರೆ ಬೆಲೆಗೆ ಮಿತಿ ಹಾಕಿದರೆ ಸರಿಹೋಗುತ್ತದೆಯೇ? ಆ ಮದ್ದನ್ನು ನಾವು ಒಮ್ಮೆ ಕುಡಿದು ನೋಡಿದ್ದೇವೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ದರವನ್ನು ಸರ್ಕಾರ ಇಳಿಸಿ ನಿಗದಿ ಮಾಡಿದಾಗ, 1924ರಿಂದ ನಡೆದುಬಂದಿದ್ದ ಎಂಟಿಆರ್, ಗುಣಮಟ್ಟ ಬಿಟ್ಟುಕೊಡಲಾರದೆ ಹೋಟೆಲನ್ನು ಮುಚ್ಚಿ ದಿನಸಿ ಮತ್ತು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ತಿರುಗಿತು. ಮತ್ತೆ ಬಾಗಿಲು ತೆರೆದದ್ದು ವರ್ಷಗಳ ನಂತರ. ಕಾಫಿ ಬೆಲೆಯನ್ನೇ ನೋಡಿ. ನಂದಿನಿ ಹಾಲಿನ ದರ 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಬೀಜದ ಬೆಲೆ ಪೌಂಡಿಗೆ 4 ಡಾಲರ್ ದಾಟಿತು. ಹಾಲಿನ ದರ ಏರಿದ್ದು ನಮ್ಮ ಹೈನುಗಾರರಿಗೆ, ಕಾಫಿಯ ದರ ಏರಿದ್ದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ನ್ಯಾಯವಾಗಿ ಸಿಗಬೇಕಾದದ್ದೇ. ಲೋಟಕ್ಕೆ ಐದು ರೂಪಾಯಿ ಹೆಚ್ಚಿಗೆ ಕೊಡಲು ನನಗೆ ಬೇಸರವಿಲ್ಲ. ಬಡವರ ಹಸಿವಿಗೆ 2017ರ ಆಗಸ್ಟ್‌ನಲ್ಲಿ ಬಂದ ಇಂದಿರಾ ಕ್ಯಾಂಟೀನ್ ಬೇರೆಯದೇ ಉತ್ತರ. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು ಅದು ಎಷ್ಟೋ ಕೂಲಿಕಾರರ ದಿನವನ್ನು ಉಳಿಸಿದೆ. ಆದರೆ ಅಲ್ಲಿಯೂ ನಿಂತೇ ತಿನ್ನಬೇಕು. ದಿನವಿಡೀ ಗಾರೆ ಕೆಲಸ ಮಾಡಿ ಬಂದವರಿಗೆ ಹತ್ತು ನಿಮಿಷ ಕೂರುವ ಬೆಂಚು ಏಕೆ ಬೇಡ?

ಬದಲಾಗಬೇಕಾದದ್ದು ಜಾಗದ ಲೆಕ್ಕ. ಮಹಾನಗರ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳಾಗಿ ಒಡೆದಿದೆ. ಅವುಗಳ ಕೈಗೆ ಬಡಾವಣೆಗಳ ವಾಣಿಜ್ಯ ಸಂಕೀರ್ಣಗಳು ಬರುತ್ತವೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸಂಕೀರ್ಣಗಳಿವೆ, ಮೆಟ್ರೊ ನಿಲ್ದಾಣಗಳ ಕೆಳಗೆ ಜಾಗವಿದೆ. ಅತಿ ಹೆಚ್ಚು ಕೂಗಿದವನಿಗೆ ಮಳಿಗೆ ಕೊಡುವ ಬದಲು, ಕೆಲವನ್ನಾದರೂ ಇಂತಿಷ್ಟು ಕುರ್ಚಿ ಹಾಕಿಯೇ ತೀರಬೇಕು ಎಂಬ ಷರತ್ತಿನ ಮೇಲೆ ಹದಿನೈದು ವರ್ಷದ ದೀರ್ಘ ಕರಾರಿಗೆ, ಸಾಧ್ಯವಾದಲ್ಲಿ ಕಾಫಿ ಹೌಸ್‌ನಂಥ ಕಾರ್ಮಿಕರ ಸಹಕಾರ ಸಂಘಗಳಿಗೆ ಕೊಡಬಹುದು. ತೆರಿಗೆಯಲ್ಲಿ, ಬೇರೇನೂ ಬೇಡ, ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನಾದರೂ ಹೊಂದಿಸಿಕೊಳ್ಳಲು ಸಣ್ಣ ಹೋಟೆಲ್‌ಗಳಿಗೆ ಬಿಡಬಹುದು. ಬೇಕರಿಗಳ ಮುಂದೆ ನಡೆಯುವವರಿಗೆ ತೊಡಕಾಗದಂತೆ ಕಲ್ಲುಬೆಂಚು ಹಾಕಿಸುವುದು ವಾರ್ಡ್ ಮಟ್ಟದ ಕೆಲಸ, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಗಿರಾಕಿಗಳಾದ ನಮ್ಮ ಪಾಲೂ ಇದೆ. ‘ತಿಂಡಿ ಮುಗಿಸಿದವರು ಜಾಗ ಬಿಟ್ಟುಕೊಡಿ’, ‘ವ್ಯವಹಾರದ ಮಾತುಕತೆಗೆ ಅವಕಾಶವಿಲ್ಲ’ ಎಂಬ ಫಲಕಗಳನ್ನು ಕಂಡು ನಾನೂ ಒಮ್ಮೆ ಸಿಟ್ಟಾಗಿದ್ದೆ. ಬೆಳಿಗ್ಗೆ ಒಂಬತ್ತರ ನೂಕುನುಗ್ಗಲಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತವರನ್ನು, ನಿವೇಶನದ ವ್ಯಾಪಾರ ಕುದುರಿಸುತ್ತ ಎರಡು ಗಂಟೆ ಮೇಜು ಹಿಡಿದವರನ್ನು ಗಲ್ಲಾದ ಕಡೆಯಿಂದ ನೋಡಿದ ಮೇಲೆ ಆ ಸಿಟ್ಟು ಇಳಿಯಿತು.

ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಎಂಟು ಮೇಜುಗಳ ಹೋಟೆಲೊಂದು ಇನ್ನೂ ಉಳಿದಿದೆ. ಕಳೆದ ಮಳೆಗಾಲದಲ್ಲಿ ಅದರ ಮಾಲೀಕರನ್ನು ಕೇಳಿದೆ: ‘ನಮ್ಮ ತಂದೆ ಬಂದು ಒಂದು ಗಂಟೆ ಕೂತರೆ ನಿಮಗೆ ತೊಂದರೆಯೇ?’ ಅವರು ಗಲ್ಲಾಪೆಟ್ಟಿಗೆಯ ಮುಚ್ಚಳ ಹಾಕಿ, ‘ಬೆಳಿಗ್ಗೆ ಬೇಡ ಸ್ವಾಮಿ, ಸತ್ಯ ಹೇಳುತ್ತೇನೆ, ಕಷ್ಟ. ಮಧ್ಯಾಹ್ನ ಮೂರರಿಂದ ಐದು ನಮ್ಮಲ್ಲಿ ಯಾರೂ ಇರುವುದಿಲ್ಲ. ಹೇಗೂ ಬಾಡಿಗೆ ಓಡುತ್ತಲೇ ಇರುತ್ತದೆ. ಆಗ ಕಳಿಸಿ, ಎಷ್ಟು ಹೊತ್ತಾದರೂ ಕೂರಲಿ’ ಎಂದರು. ಮೊದಲ ವಾರ ಅಪ್ಪ ಒಬ್ಬರೇ ಹೋದರು. ನಂತರ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಜೊತೆಯಾದರು, ಆಮೇಲೆ ಹೂವಿನ ಅಂಗಡಿಯ ಅಜ್ಜಿ ಮತ್ತು ಅವರ ತಂಗಿ. ಈಗ ನಾಲ್ವರೂ ಕಿಟಕಿಯ ಪಕ್ಕದ ಮೇಜಿಗೆ ಕಾಯಂ ಗಿರಾಕಿಗಳು. ಬೆಳಗಿನ ಡಿಕಾಕ್ಷನ್ ಸಂಜೆಯವರೆಗೂ ತಳ್ಳುತ್ತಿದ್ದ ಆ ಹೋಟೆಲಿನಲ್ಲಿ ಮೂರೂ ಕಾಲಿಗೆ ಹೊಸದಾಗಿ ಇಳಿಸಲು ಶುರು ಮಾಡಿದ್ದಾರೆ.